ಲಾರಿಯ ಕೆಳಗಿನ ನೀರು

ಆ ಬೆಳಿಗ್ಗೆಯೂ ಲಾರಿಯ ಕೆಳಗೆ ನೀರು ನಿಂತಿತ್ತು. ಚಾಲಕ ಬಗ್ಗಿ ನೋಡಿದ. ಎದ್ದು ರೇಡಿಯೇಟರಿನ ಮುಚ್ಚಳ ತಿರುಗಿಸಿದ. ಸೋರುವ ರೇಡಿಯೇಟರ್ ಬತ್ತಿರಬೇಕಿತ್ತು. ಇದು ಬಾಯಿವರೆಗೆ ತುಂಬಿತ್ತು. ಪಕ್ಕದಲ್ಲಿ ಒದ್ದೆ ಕ್ಯಾನು.

ಎಂಟು ತಿಂಗಳಿಂದ ಹೀಗೇ. ಅಂದರೆ, ಅಪ್ಪ ತೀರಿಕೊಂಡಂದಿನಿಂದ.

ಹೊರಡುವ ಮೊದಲು ನೀರು ತುಂಬುವುದು ಹತ್ತನೇ ವಯಸ್ಸಿನಿಂದ ಅವನ ಪಾಲಿನ ಕೆಲಸ. ಅವನಿಗೆ ನಲವತ್ತಾದರೂ ಅಪ್ಪ ಮಾತ್ರ "ನೀರು ಹಾಕಿದ್ಯಾ?" ಎಂದು ಕೇಳುವುದನ್ನು ಬಿಟ್ಟಿರಲಿಲ್ಲ. ಒಂದು ದಿನ ಮಾತಿಗೆ ಮಾತು ಬೆಳೆಯಿತು. "ನೀವೇ ಹಾಕ್ಕೊಳ್ಳಿ" ಎಂದು ಮಗ ಒಳಗೆ ಹೋದ. ಅಪ್ಪ ಹಾಕಿಕೊಳ್ಳದೆಯೇ ಒಬ್ಬರೇ ಲಾರಿ ತೆಗೆದುಕೊಂಡು ಹೊರಟರು, ಹಟದಲ್ಲಿ ಇಬ್ಬರದೂ ಒಂದೇ ಮಾಡೆಲ್ಲು. ಮರವಿಲ್ಲದ ರಸ್ತೆಯಲ್ಲಿ ಎಂಜಿನ್ ಕುದಿಯಿತು. ಕ್ಯಾನು ಹಿಡಿದು ನೀರು ಹುಡುಕುತ್ತ ನಡೆದ ಅಪ್ಪ ಬಿಸಿಲಲ್ಲಿ ಬಿದ್ದವರು ಮತ್ತೆ ಏಳಲಿಲ್ಲ. ಲಾರಿಯನ್ನು ಮನೆಗೆ ತಂದು ನಿಲ್ಲಿಸಿದವನು ಹೆಂಡತಿಯ ಸೋದರಮಾವ. ಊರವರ ರೇಡಿಯೇಟರುಗಳನ್ನು ತೊಟ್ಟಿಯಲ್ಲಿ ಮುಳುಗಿಸಿ, ಗುಳ್ಳೆ ಎದ್ದಲ್ಲಿ ಬೆಸುಗೆ ಹಾಕುವವನು. ಎಲ್ಲರಿಗೂ ಗುಳ್ಳೆ ಮಾವ.

ಈಗ ಅಪ್ಪ ದಿನಾ ಬಂದು ತಾವೇ ಹಾಕಿಕೊಂಡು ಹೋಗುತ್ತಿದ್ದರು. ಮಗನ ಮಾತನ್ನು ಇಷ್ಟು ಶ್ರದ್ಧೆಯಿಂದ ಬದುಕಿದ್ದಾಗ ಎಂದೂ ಪಾಲಿಸಿದವರಲ್ಲ.

ಹೆಂಡತಿ ಹೆದರಿದಂತೆ ಕಾಣಲಿಲ್ಲ. ಬಂದು ಹೋಗುವವರಿಗೆ ಅನುಕೂಲವನ್ನೇ ಮಾಡಿಕೊಡುತ್ತಿದ್ದಳು. ಬಾಗಿಲಿನಿಂದ ಲಾರಿಯವರೆಗಿನ ಕಲ್ಲು, ಮೊಳೆ, ಗಾಜಿನ ಚೂರು ಆರಿಸಿ ಎಸೆದಳು. ಅಪ್ಪನ ದೊಡ್ಡ ಕ್ಯಾನು ಅಟ್ಟ ಸೇರಿ, ಸಣ್ಣದೊಂದು ಬಂತು. "ಅದು ಭಾರ" ಎಂದಳು. ಯಾರಿಗೆ ಎಂದು ಅವನು ಕೇಳಲಿಲ್ಲ. ಅವನಿಗೆ ಅವನದೇ ಗೋಳು: ಎಷ್ಟು ಮಲಗಿದರೂ ತೀರದ ಆಯಾಸ, ಬಲಭುಜದ ನೋವು, ಎದ್ದೊಡನೆ ಕಾಲಿಗೆ ತಗಲುವ ಒದ್ದೆ ಟವೆಲ್.

"ಸೋರೋದು ನಿಂತ್ರೆ ಅಪ್ಪನಿಗೂ ಬಿಡುಗಡೆ" ಎಂದ ಒಂದು ದಿನ. "ಹೊಸ ರೇಡಿಯೇಟರ್ ತರ್ತೀನಿ. ನಾನೇ ಹಾಕ್ತೀನಿ."

"ಗುಳ್ಳೆ ಮಾವ ಇದಾರಲ್ಲ?"

"ಇದು ನಾನು ಬಿಟ್ಟ ಕೆಲಸ ಕಣೇ."

ಅವಳು ಅವನ ಮುಖವನ್ನೇ ನೋಡಿದಳು. "ಹಾಕಿ. ಅದ್ರಿಂದ ನಿಂತ್ರೆ ಸಾಕು."

ಭಾನುವಾರ ರೇಡಿಯೇಟರಿನ ಕೆಳಗಿನ ನಲ್ಲಿ ಬಿಚ್ಚಿ ನೀರು ಇಳಿಸಿದ. ತುಕ್ಕು ಹಿಡಿದ ಕ್ಲಿಪ್ಪು ಸಡಿಲಿಸಿ ಮೇಲಿನ, ಕೆಳಗಿನ ರಬ್ಬರ್ ಹೋಸು ಎಳೆದ. ಎರಡು ಬೋಲ್ಟು ಬಂದವು, ಮೂರನೆಯದು ಅಪ್ಪನ ಹಾಗೆ ಕೂತಿತ್ತು. ಎಣ್ಣೆ ಹಾಕಿ, ಬೈದು, ಮತ್ತೆ ಎಣ್ಣೆ ಹಾಕಿ ಬಿಡಿಸಿದ. ಫ್ಯಾನು ತಾಗದಿರಲೆಂದು ರಟ್ಟು ಅಡ್ಡವಿಟ್ಟು ಹೊಸದನ್ನು ಇಳಿಸಿದ. ಬರಿ ನೀರಿನ ಬದಲು ಹಸಿರು ಕೂಲೆಂಟ್ ತುಂಬಿ, ಮುಚ್ಚಳ ತೆರೆದೇ ಎಂಜಿನ್ ಓಡಿಸಿದ. ಒಳಗಿನ ಗಾಳಿಯೆಲ್ಲ ಬಿಕ್ಕಿ ಬಿಕ್ಕಿ ಹೊರಬಂದು, ಕೊನೆಗೆ ಸುಮ್ಮನಾಯಿತು. ಅವನ ಕಣ್ಣು ಒದ್ದೆಯಾಗಿತ್ತು.

ಸೋಮವಾರ ಬೆಳಿಗ್ಗೆ ಲಾರಿಯ ಕೆಳಗೆ ನೀರು ನಿಂತಿತ್ತು.

ಹಳೆಯ ರೇಡಿಯೇಟರನ್ನು ಹೊತ್ತು ಗುಳ್ಳೆ ಮಾವನಲ್ಲಿಗೆ ಓಡಿದ. ಮಾವ ಅದರ ಬಾಯಿಗಳನ್ನು ಮುಚ್ಚಿ, ಗಾಳಿ ತುಂಬಿ, ತೊಟ್ಟಿಗೆ ಇಳಿಸಿದ. ಇಬ್ಬರೂ ಬಗ್ಗಿ ಕಾದರು. ಒಂದು ಗುಳ್ಳೆಯೂ ಏಳಲಿಲ್ಲ.

"ಹೇಗೆ ಸೋರುತ್ತೆ ಅಳಿಯಂದಿರೇ? ನಿಮ್ಮಪ್ಪ ಹೋದ ದಿನ ಬೆಸುಗೆ ಹಾಕೇ ಮನೆಗೆ ತಂದಿದ್ದು. ಹೇಳಿದ್ದೆ ಕೂಡ. ನೀವು ಆಗ ಕೇಳಿಸಿಕೊಳ್ಳೋ ಹಾಗಿರ್ಲಿಲ್ಲ." ಮಾವ ಕೈ ಒರೆಸಿಕೊಂಡ. "ಇವತ್ತಿನ ನೀರು ಯಾವ ಬಣ್ಣ?"

"ತಿಳಿ. ಹಸಿರು ನೆಪಮಾತ್ರಕ್ಕೆ."

"ಹಾಗಾದ್ರೆ ಒಳಗಿಂದ ಸೋರಿದ್ದಲ್ಲ. ತುಂಬಿರೋದಕ್ಕೆ ಯಾರೋ ಮತ್ತೆ ಹುಯ್ದು, ಮೇಲಿಂದ ಚೆಲ್ಲಿದ್ದು."

ಮನೆಗೆ ಬಂದಾಗ ಹೆಂಡತಿ ಹಗ್ಗದ ಮೇಲೆ ಟವೆಲ್ ಹರವುತ್ತಿದ್ದಳು.

"ಅಪ್ಪ ಇನ್ನೂ ಬರ್ತಿದಾರೆ ಕಣೇ. ನನ್ನನ್ನ ಬಿಡೋ ಹಾಗೆ ಕಾಣ್ಸಲ್ಲ" ಎಂದ.

ಅವಳು ಟವೆಲಿನ ಸುಕ್ಕು ಬಿಡಿಸುತ್ತಲೇ ಇದ್ದಳು.

"ನಿದ್ದೇಲಿ ನಡೆಯೋರನ್ನ ಎಬ್ಬಿಸಬಾರ್ದು ಅಂತಾರೆ ರೀ, ಅದಕ್ಕೇ ಕಾಲು ಒರೆಸಿ ಮಲಗಿಸ್ತೀನಿ, ಕ್ಯಾನು ಖಾಲಿಯಾಗೋವರ್ಗೂ ನೀವು ಹುಯ್ತಾನೇ ಇರ್ತೀರಿ, 'ಹಾಕ್ದೆ ಅಪ್ಪಾ, ಹಾಕ್ದೆ' ಅಂತ."