ಕೋರ್ಟಿನ ಗೋಡೆಗೆ ಏಳು ಸಲ ಸುಣ್ಣ

ನಾನು ಜಡ್ಜ್ ಆಗಿದ್ದಾಗ ಒಂದೇ ಬೆಳಗ್ಗೆ ಒಂಬತ್ತು ಸಾವಿರ ತೀರ್ಪು ಕೊಟ್ಟವನು. ಸೋತವರೇ ಸಾಲುಗಟ್ಟಿ ನಿಂತು ನನಗೆ ಹಾರ ಹಾಕಿದರು. ಆಮೇಲೆ ಪುರಸಭೆಯ ಅಧ್ಯಕ್ಷನಾಗಿ ಮೊದಲು ಮಾಡಿದ ಉಪಕಾರವೆಂದರೆ ಕೋರ್ಟಿನ ಗೋಡೆಗೆ ಏಳು ಸಲ ಸುಣ್ಣ ಹೊಡೆಸಿದ್ದು. ನಮ್ಮೂರಿನ ಗೋಡೆಗಳು ಕೇಳಿದ್ದನ್ನೆಲ್ಲ ತಿರುಗಿ ಆಡಿಬಿಡುತ್ತವೆ. ಸುಣ್ಣ ಬಿದ್ದರಷ್ಟೇ ಬಾಯಿ ಮುಚ್ಚುತ್ತವೆ.

ಇಂದು ಅದೇ ಗೋಡೆಯ ಮುಂದೆ ನನಗೆ ಸನ್ಮಾನ. ಹೊಲದ ಕೂಲಿಯ ಆ ಬಸಲಿಂಗವ್ವನಿಗೆ ಎಂಥ ಸೊಕ್ಕು! ಎಲ್ಲರೆದುರು ಕುಡುಗೋಲಿನಿಂದ ಸುಣ್ಣ ಕೆರೆಯತೊಡಗಿದಳು.

"ಏ ಮುದುಕಿ, ಸರ್ಕಾರಿ ಗ್ವಾಡಿ ಅದು!" ಎಂದು ಗುಡುಗಿದೆ.

"ನೀವು ಜೈಲಿಗೆ ಹಾಕಿದಾಂವ ನನ್ನ ಮಗಾರೀ, ಸಾಹೇಬ್ರ. ಗ್ವಾಡಿ ಏನಂತೈತಿ ಕೇಳೂಣು."

ಗೋಡೆ ನನ್ನದೇ ದನಿಯಲ್ಲಿ ಆಕಳಿಸಿತು: "ಫೈಲು ಯಾರು ಓದ್ತಾರ್ರೀ? ಏಳು ವರ್ಷ ಅಂತ ಬರ್ಕೊಳ್ರಿ."

ಕೊರಳ ಹಾರ ತೆಗೆದಿಟ್ಟೆ.

"ಖರೆ ಐತವ್ವಾ. ನಿನ್ನ ಮಗನ ಫೈಲಿನ ದಾರಾ ಸುದ್ದಾ ನಾ ಬಿಚ್ಚಿರಲಿಲ್ಲ."