ಮರದ ಪಾಳಿ

ಹಳ್ಳದ ದಡದ ಮರಗಳನ್ನೆಲ್ಲ ಕಡಿದ ಮೇಲೆ, ಮನೆಗೊಬ್ಬರಂತೆ ಪಾಳಿಯಲ್ಲಿ ಮರವಾಗಿ ನಿಲ್ಲುವುದು ಊರಿಗೆ ರೂಢಿಯಾಗಿತ್ತು. ಪುಟ್ಟತಾಯಮ್ಮ ಬೆಳಗಿನಿಂದ ಮೊಣಕಾಲುದ್ದ ನೀರಿನಲ್ಲಿ ಕೊಡೆ ಹಿಡಿದು ನೆರಳು ಕೊಡುತ್ತ, ಹುಳುಗಳಿಗೆಂದು ಹೊಂಗೆ ಎಲೆ ಉದುರಿಸುತ್ತ ನಿಂತಿದ್ದಳು. ಮುಂದಿನ ಪಾಳಿಯ ಕೆಂಪರಾಜು ಮಧ್ಯಾಹ್ನ ದಾಟಿದ ಮೇಲೆ ಬಂದ, ಅದೂ ನೀಲಗಿರಿ ಎಲೆಯ ಚೀಲ ಹೊತ್ತು.

“ಇದನ್ನ ಯಾವ ಹುಳ ತಿನ್ನುತ್ತೋ? ಕೊಡಲಿ ಹಿಡ್ಕೊಂಡು ಮಾತ್ರ ಎಲ್ರಿಗಿಂತ ಮೊದ್ಲು ಬಂದಿದ್ದೆ,” ಎಂದು ರೇಗಿದಳು.

“ಬೇರೆ ಎಲೆ ತರ್ತೀನಿ ಬಿಡಕ್ಕ. ನೀನು ಮೇಲಕ್ಕೆ ಬಾ.”

ಕಾಲೆತ್ತಲು ಹೋದವಳು ಬಗ್ಗಿ ನೋಡಿದಳು. ನೀರಿನಿಂದ ಹತ್ತಿ ಬಂದ ಏರೋಪ್ಲೇನ್ ಚಿಟ್ಟೆಯ ಮರಿಯೊಂದು ಅವಳ ಸೀರೆಯಂಚಿನಲ್ಲಿ ಕೂತು ಪೊರೆ ಕಳಚುತ್ತಿತ್ತು. ಒದ್ದೆ ರೆಕ್ಕೆ ಇನ್ನೂ ಅರ್ಧ ಒಳಗಿತ್ತು.

ಪುಟ್ಟತಾಯಮ್ಮ ಹಲ್ಲು ಕಡಿದು, ಎತ್ತಿದ ಕಾಲನ್ನು ಮೆಲ್ಲಗೆ ನೀರಿಗಿಳಿಸಿದಳು.

“ಎಲ್ಲಿಗೆ ಬರ್ಲಿ? ಮರ ಎಲ್ಲಾದ್ರೂ ಎದ್ದು ಹೋಗುತ್ತೇನೋ?”