ಭಾವನ ಕೆಮ್ಮು

"ಸಿಕ್ತು ಅಕ್ಕಾ," ಎಂದಳು ಎಂಜಿನಿಯರ್ ಹುಡುಗಿ. "ಕಸದಬುಟ್ಟೀಲಿ ಬಿದ್ದಿತ್ತು."

ಕಸದಬುಟ್ಟಿ ಎಂದರೆ ಕಂಪ್ಯೂಟರಿನೊಳಗಿನದು. ಉಪಗ್ರಹ ಕಳಿಸಿದ್ದರಲ್ಲಿ ಕೆಲಸಕ್ಕೆ ಬಾರದ್ದನ್ನು ಪ್ರೋಗ್ರಾಂ ಅಲ್ಲಿಗೆ ಎಸೆಯುತ್ತಿತ್ತು. ಆ ಮಧ್ಯಾಹ್ನ ದೂರದಲ್ಲೆಲ್ಲೋ ಒಂದು ನಕ್ಷತ್ರ ಸಿಡಿದು ಗಾಮಾ ಕಿರಣ ಚಿಮ್ಮಿತ್ತು. ಬೇರೆ ಎರಡು ಕೇಂದ್ರಗಳವರು ತಮ್ಮ ಉಪಗ್ರಹಗಳು ಅದನ್ನು ಕಂಡವೆಂದು ಆಗಲೇ ತಿಳಿಸಿದ್ದರು. ಇಬ್ಬರ ಲೆಕ್ಕ ಸೇರಿದರೆ ಆಕಾಶದ ಉದ್ದಕ್ಕೂ ಒಂದು ಗೆರೆ ಸಿಗುತ್ತದೆ, ಅಷ್ಟೆ. ಮೂರನೆಯವರದೂ ಸೇರಿದರೆ ಜಾಗ ಗೊತ್ತಾಗುತ್ತದೆ. ಆ ಜಾಗಕ್ಕಾಗಿ ಎಲ್ಲೆಲ್ಲಿಯೋ ದೊಡ್ಡ ದೊಡ್ಡ ದೂರದರ್ಶಕಗಳು ಕಾದು ಕೂತಿದ್ದವು. ಸಿಡಿತದ ಬೆಳಕು ಆರುವುದರೊಳಗೆ ಹೇಳಿದರೆ ಉಂಟು, ಇಲ್ಲದಿದ್ದರೆ ಇಲ್ಲ. ಆ ಮೂರನೆಯವರು ಇವರೇ. ಇವರ ಪ್ರೋಗ್ರಾಂ ಮಾತ್ರ ತುಟಿಪಿಟಿಕ್ಕೆನ್ನದೆ ಕೂತಿತ್ತು.

"ಯಾಕೆ ಎಸೀತಂತೆ?" ಎಂದಳು ಅಕ್ಕ.

ಹುಡುಗಿ ಪರದೆಯನ್ನು ಆಕೆಯ ಕಡೆ ತಿರುಗಿಸಿದಳು. ಎಸೆದ ಕಾರಣ ಎಂಬ ಕಡೆ ಎರಡೇ ಪದ: ಭಾವನ ಕೆಮ್ಮು.

ಕೇಂದ್ರದಲ್ಲಿ ಎಲ್ಲರೂ ಆಕೆಯನ್ನು ಅಕ್ಕ ಎನ್ನುತ್ತಿದ್ದರು. ಹೀಗಾಗಿ ಅಲ್ಲೇ ಕೆಲಸಕ್ಕಿದ್ದ ಆಕೆಯ ಗಂಡ, ಹುದ್ದೆಯಲ್ಲಿ ಹೆಂಡತಿಗಿಂತ ದೊಡ್ಡವನಾದರೂ, ಎಲ್ಲರಿಗೂ ಬರೀ ಭಾವ. ಹಲವು ವರ್ಷಗಳ ಹಿಂದೆ ಈ ಮೇಜಿನ ಮೇಲೆ ಉಪಗ್ರಹದ ಸಂಕೇತ ಹಿಡಿಯುವ ಹಳೆಯ ರಿಸೀವರ್ ಪೆಟ್ಟಿಗೆ ಇತ್ತು. ಅದರೊಳಗಿನ ಒಂದು ತಂತಿ ಸಡಿಲ. ಭಾವನಿಗೋ ಎದೆಯಾಳದಿಂದ ಬರುವ ಕೆಮ್ಮು: ಎರಡು ಚಿಕ್ಕದು, ಒಂದು ಉದ್ದ. ಮೇಜಿಗೆ ಮೊಣಕೈ ಊರಿ ಆತ ಕೆಮ್ಮಿದರೆ ಪೆಟ್ಟಿಗೆ ಅಲುಗಿ, ಪರದೆಯ ಮೇಲೆ ಥೇಟ್ ಆಕಾಶದ ಸಿಡಿತದಂಥದೇ ಗೆರೆ ಏಳುತ್ತಿತ್ತು. ಅದು ಗೊತ್ತಾಗುವಷ್ಟರಲ್ಲಿ, ಹೊಸ ಬಗೆಯ ಸಿಡಿತ ಕಂಡೆವೆಂದು ಪತ್ರಿಕೆಯವರನ್ನೆಲ್ಲ ಕರೆದು ಡಂಗುರ ಸಾರಿ ಆಗಿತ್ತು. ಆಮೇಲೆ ಮುಖ ಎಲ್ಲಿಟ್ಟುಕೊಳ್ಳುವುದು? ಇಲ್ಲಿಂದ ಏನು ಸುದ್ದಿ ಹೋದರೂ ಬೇರೆ ಕೇಂದ್ರದವರ ಮೊದಲ ಪ್ರಶ್ನೆ ಒಂದೇ: "ಕೆಮ್ಮಲ್ಲ ತಾನೆ?"

ಕೊನೆಗೆ ಕೆಮ್ಮನ್ನು ಗುರುತು ಹಿಡಿದು ಎಸೆಯುವ ಜರಡಿಯೊಂದನ್ನು ಪ್ರೋಗ್ರಾಮಿಗೆ ಸೇರಿಸಬೇಕಾಯಿತು. ಅದಕ್ಕೆ ಮಾದರಿ ಬೇಕಲ್ಲ. ಭಾವ ಪೆಟ್ಟಿಗೆಯ ಮುಂದೆ ಶಿಸ್ತಾಗಿ ಕೂತ. ಕೆಮ್ಮು ಬರಲೊಲ್ಲದು. ಅಕ್ಕ ಕಾಳುಮೆಣಸು ಕುಟ್ಟಿ ತಂದು ಮೂಗಿನ ಹತ್ತಿರ ಹಿಡಿದಳು. ಸೀನು ಬಂತು, ಕೆಮ್ಮಿನ ಸುಳಿವಿಲ್ಲ. "ಬೇಡ ಅಂದಾಗ ಬಂದು ಜೀವ ತಿನ್ನತ್ತೆ. ಇವತ್ತು ನೋಡು, ಮಂತ್ರಿ ಥರ ಕಾಯಿಸ್ತಿದೆ," ಎಂದು ಆತ ಗೊಣಗಿದ. ಗೊಣಗುತ್ತಿದ್ದ ಹಾಗೇ ಕೆಮ್ಮಿದ. ಅಕ್ಕ ಬಿದ್ದುಬಿದ್ದು ನಕ್ಕಳು. ಎಂಥ ಸುಖದ ದಿನಗಳು ಅವು.

ಪೆಟ್ಟಿಗೆ ಗುಜರಿಗೆ ಹೋಯಿತು. ಉಪಗ್ರಹ ಬದಲಾಯಿತು. ಭಾವನೂ ಹೋದ. ಜರಡಿ ಮಾತ್ರ ಉಳಿಯಿತು. ಇನ್ನೇಕೆ, ತೆಗೆದುಬಿಡೋಣ ಎಂದು ಹುಡುಗಿ ಕೇಳಿದಾಗಲೆಲ್ಲ ಅಕ್ಕ, "ಇರಲಿ ಬಿಡೇ, ಅದೇನು ನಿನ್ನ ಹತ್ರ ಊಟ ಕೇಳತ್ತಾ?" ಎಂದು ಮಾತು ಹಾರಿಸುತ್ತಿದ್ದಳು. ಆಕಾಶದಿಂದ ಏನೇ ಬರಲಿ, ಪ್ರೋಗ್ರಾಂ ಮೊದಲು ಭಾವನನ್ನು ಕೇಳಿಯೇ ಮುಂದಕ್ಕೆ ಹೋಗುತ್ತಿತ್ತು. ಆಕೆಗೆ ಅದು ಹಿತವಾಗಿತ್ತು. ಮನೆಯ ಗೋಡೆಯಲ್ಲಿ ಆತನ ಫೋಟೋ ಇತ್ತು, ಆದರೆ ಫೋಟೋಗೆ ಕೆಲಸವಿಲ್ಲ.

ಹುಡುಗಿ ಮಾದರಿಯ ಗೆರೆಯನ್ನೂ ಇವತ್ತಿನ ಗೆರೆಯನ್ನೂ ಒಂದರ ಮೇಲೊಂದು ಇಟ್ಟು ತೋರಿಸಿದಳು. ಎರಡು ಚಿಕ್ಕದು, ಒಂದು ಉದ್ದ. ಅಚ್ಚೊತ್ತಿದ ಹಾಗಿತ್ತು.

"ಕೊನೇಲಿ ಮಾತ್ರ ಸ್ವಲ್ಪ ಬೇರೆ ಅಕ್ಕ. ಮಾದರೀಲಿ ಸಣ್ಣ ಸಣ್ಣ ಅಲೆ ಇದೆ, ಇವತ್ತಿನದ್ರಲ್ಲಿ ಇಲ್ಲ. ಏನದು?"

ಅಕ್ಕ ಕನ್ನಡಕ ಏರಿಸಿಕೊಂಡು ಬಗ್ಗಿ ನೋಡಿದಳು. ಇಷ್ಟು ವರ್ಷ ಅದು ಆಕೆಯ ಕಣ್ಣಿಗೇ ಬಿದ್ದಿರಲಿಲ್ಲ.

"ನಾನು ಕಣೇ," ಎಂದಳು. "ಮೇಜು ಹಿಡ್ಕೊಂಡು ನಗ್ತಿದ್ದೆ."

ಹುಡುಗಿ ಮೆಲ್ಲಗೆ, "ಜರಡಿ ತೆಗೀದೆ ಇದು ಹೊರಗೆ ಬರಲ್ಲ ಅಕ್ಕ. ಮಾದರೀನ ಪೆನ್‌ಡ್ರೈವ್‌ಗೆ ಹಾಕ್ಕೊಡ್ತೀನಿ, ಮನೇಲಿ ಇಟ್ಕೊಳ್ಳಿ," ಎಂದಳು.

"ಪೆನ್‌ಡ್ರೈವ್‌ನಲ್ಲಿ ಕೂತು ಅವರೇನು ಮಾಡ್ತಾರೆ?"

ಹಾಗೆಂದು ಅಕ್ಕ ತಾನೇ ಮೌಸ್ ಹಿಡಿದಳು. ತೆಗೆಯಲೇ ಎಂದು ಕಂಪ್ಯೂಟರ್ ಕೇಳಿತು. ಖಂಡಿತವೇ ಎಂದು ಇನ್ನೊಮ್ಮೆ ಕೇಳಿತು. ಆಕೆಗೆ ಅಳು ಬಂತು. ಆದರೆ ಅಲ್ಲಿ ಬೆಳಕು ಆರುತ್ತಿತ್ತು. ಭಾವನೇ ಇದ್ದಿದ್ದರೆ, ಇಷ್ಟೊತ್ತು ಏನು ಕಡಿಯುತ್ತಿದ್ದೀಯ ಎಂದು ಬೈದು, ತನ್ನ ಕೆಮ್ಮನ್ನು ತಾನೇ ಕಿತ್ತು ಬಿಸಾಕುತ್ತಿದ್ದ. ಅಕ್ಕ ಒತ್ತಿದಳು. ಕಸದಬುಟ್ಟಿಯಲ್ಲಿದ್ದ ಸಿಡಿತ ಸುದ್ದಿಯಾಗಿ ಎಲ್ಲ ಕಡೆಗೆ ಹೊರಟಿತು.

ಸ್ವಲ್ಪ ಹೊತ್ತಿಗೆ ಫೋನು ಬಂತು. ಇನ್ನೊಂದು ಕೇಂದ್ರದ ಮುಖ್ಯಸ್ಥ, ಭಾವನ ಹಳೆಯ ಗೆಳೆಯ. ಜಾಗ ಸಿಕ್ಕಿತೆಂಬ ಖುಷಿ ಆತನ ದನಿಯಲ್ಲೇ ಇತ್ತು.

"ಏನಕ್ಕಾ, ಇಷ್ಟು ತಡ ಮಾಡಿದ್ರಿ? ಕೆಮ್ಮಲ್ಲ ತಾನೆ?" ಎಂದ. ಅಂದ ಮೇಲೆ ನಾಲಗೆ ಕಚ್ಚಿಕೊಂಡ.

"ಅಲ್ಲಪ್ಪಾ," ಎಂದಳು ಅಕ್ಕ. "ಕೆಮ್ಮಾಗಿದ್ದಿದ್ರೆ ಕೊನೇಲಿ ನಾನು ನಗ್ತಾ ಇರ್ತಿದ್ದೆ."